ಶನಿವಾರದ ಎರಡು ತಾಸು: ಹೆಣ್ಣುಮಕ್ಕಳ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರಗಳು. ಎಂಟನೆಯ ಮತ್ತು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಹೆಣ್ಣುಮಕ್ಕಳ ಮನೆಗಳಿಗೆ ಈ ಪತ್ರ ಬರೆಯುತ್ತಿದ್ದೇನೆ. ಈ ವರ್ಷ ನಮ್ಮ ಶಾಲೆಯಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಗೈಡ್ಸ್ ದಳ ಆರಂಭವಾಗುತ್ತಿದೆ. ಅದಕ್ಕೆ ನಿಮ್ಮ ಮಗಳ ಶನಿವಾರದ ಎರಡು ತಾಸು ಬೇಕು. ಡಿಸೆಂಬರಿನಲ್ಲಿ ಶಿಬಿರಕ್ಕಾಗಿ ಮೂರು ದಿನ, ಎರಡು ರಾತ್ರಿ ಬೇಕು. ರಾತ್ರಿ ಎಂಬ ಮಾತು ಕಂಡ ಕೂಡಲೇ ಕೆಲವು ಮನೆಗಳಲ್ಲಿ ಈ ಪತ್ರವನ್ನು ಮಡಚಿ ಇಡುತ್ತೀರೆಂದು ನನಗೆ ಗೊತ್ತು. ದಯವಿಟ್ಟು ಪೂರ್ತಿ ಓದಿ.

ಎರಡು ವರ್ಷದ ಹಿಂದೆ ನಮ್ಮ ಶಾಲೆಗೇ ಹೆಚ್ಚು ಅಂಕ ತೆಗೆದು ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯನ್ನು ಪಿಯು ಕಾಲೇಜಿಗೆ ಸೇರಿಸಲು ಅವಳ ತಂದೆಯೊಂದಿಗೆ ನಾನೂ ಹೋಗಿದ್ದೆ. ಕೌಂಟರಿನಲ್ಲಿದ್ದವರು ಅವಳನ್ನೇ ನೋಡಿ, "ಯಾವ ವಿಭಾಗ ಬೇಕಮ್ಮ?" ಎಂದು ಕೇಳಿದರು. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ನನ್ನ ಮುಖ ನೋಡಿದರು. ವಿಜ್ಞಾನ ಎಂದು ನಾನೇ ಹೇಳಿಬಿಟ್ಟೆ. ಅವಳಿಗೆ ನಿಜವಾಗಿ ವಿಜ್ಞಾನ ಬೇಕಿತ್ತೋ ವಾಣಿಜ್ಯ ಬೇಕಿತ್ತೋ, ಇಂದಿಗೂ ನನಗೆ ತಿಳಿಯದು. ಹತ್ತು ವರ್ಷ ಶಾಲೆಗೆ ಬಂದ ಮಗುವಿಗೆ ಪ್ರಶ್ನೆಗೆ ಉತ್ತರ ಬರೆಯುವುದನ್ನು ಕಲಿಸಿದ್ದೆವು. ತನಗೇನು ಬೇಕೆಂದು ಬಾಯಿಬಿಟ್ಟು ಹೇಳುವ ಸಂದರ್ಭವನ್ನು ಒಮ್ಮೆಯೂ ಕೊಟ್ಟಿರಲಿಲ್ಲ. ಆ ದಿನದ ಬೇಸರ ನನ್ನ ಮನಸ್ಸಿನಿಂದ ಹೋಗಿಲ್ಲ.

"ಧೈರ್ಯವಾಗಿ ಮಾತನಾಡು" ಎಂದು ಎಷ್ಟು ಸಲ ಹೇಳಿದರೂ ಧೈರ್ಯ ಬರುವುದಿಲ್ಲ. ಕೈಗೆ ಒಂದು ಕೆಲಸ ಕೊಟ್ಟು, ಆ ಕೆಲಸ ನಿನ್ನಿಂದಲೇ ಆಗಬೇಕು ಎಂದು ಬಿಟ್ಟು ನೋಡಬೇಕು. ಜುಲೈ ತಿಂಗಳಲ್ಲಿ ಮೂರು ಶನಿವಾರ ಹಾಗೆ ಮಾಡಿ ನೋಡಿದೆವು. ಅಲ್ಲಿ ಕಂಡದ್ದನ್ನು ನಿಮಗೆ ಹೇಳಲೇಬೇಕು.

ಮೊದಲ ಶನಿವಾರ 108 ಆಂಬುಲೆನ್ಸ್‌ಗೆ ಕರೆ ಮಾಡುವ ಅಭ್ಯಾಸ ಇಟ್ಟುಕೊಂಡಿದ್ದೆವು. ನಾನು ನನ್ನ ಕೋಣೆಯಲ್ಲಿ ಕುಳಿತು 108ರ ಸಿಬ್ಬಂದಿಯಂತೆ ಪ್ರಶ್ನೆ ಕೇಳುವುದು, ಹುಡುಗಿಯರು ಒಬ್ಬೊಬ್ಬರಾಗಿ ವರಾಂಡದಿಂದ ಫೋನಿನಲ್ಲಿ ಉತ್ತರ ಕೊಡುವುದು. ಮೊದಲು ಬಂದ ಹುಡುಗಿ, "ಬೇಗ ಬನ್ನಿ, ಅಜ್ಜ ಬಿದ್ದಿದ್ದಾರೆ" ಎಂದಳು. ಎಲ್ಲಿ ಎಂದೆ. "ನಮ್ಮ ಮನೆಯಲ್ಲಿ." ಮನೆ ಎಲ್ಲಿದೆ ಎಂದೆ. "ಬಸವಣ್ಣನ ಗುಡಿಯ ಹಿಂದೆ." ಬಸವಣ್ಣನ ಗುಡಿ ಇಲ್ಲದ ಊರು ನಮ್ಮ ಕಡೆ ಯಾವುದಿದೆ? ಯಾವ ಊರು ಎಂದು ಕೇಳಿದ್ದಕ್ಕೆ ಅವಳು ಗಾಬರಿಯಾಗಿ ಫೋನನ್ನೇ ಇಟ್ಟುಬಿಟ್ಟಳು. ಆ ದಿನ ಇಪ್ಪತ್ತಾರು ಹುಡುಗಿಯರಲ್ಲಿ ನಾಲ್ವರು ಮಾತ್ರ ಕರೆಯನ್ನು ಮುಗಿಸಿದರು.

ಮೂರನೆಯ ಶನಿವಾರ ಅದೇ ಹುಡುಗಿ ಮತ್ತೆ ಫೋನ್ ಹಿಡಿದಳು. ಜಿಲ್ಲೆ ಹಾವೇರಿ, ತಾಲ್ಲೂಕು ಬ್ಯಾಡಗಿ, ಊರಿನ ಹೆಸರು, ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಬರಬೇಕು, ನೀರಿನ ಟ್ಯಾಂಕಿನ ಪಕ್ಕದ ಓಣಿ, ಅಜ್ಜನ ವಯಸ್ಸು ಎಪ್ಪತ್ತು, ಉಸಿರಾಡುತ್ತಿದ್ದಾರೆ, ಮಾತಿಲ್ಲ. ಒಂದೇ ಉಸಿರಿಗೆ ಇಷ್ಟನ್ನೂ ಹೇಳಿ ಕೊನೆಗೆ, "ನಾನು ಟಾರ್ಚ್ ಹಿಡಿದು ರಸ್ತೆಗೆ ಬಂದು ನಿಲ್ಲುತ್ತೇನೆ" ಎಂದಳು. ಟಾರ್ಚಿನ ಮಾತನ್ನು ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ಕತ್ತಲಲ್ಲಿ ಗಾಡಿಯವರು ಓಣಿ ಹುಡುಕಲು ಪರದಾಡುತ್ತಾರೆಂದು ಅವಳಿಗೇ ಹೊಳೆದಿದೆ. ನಾನು ಕೋಣೆಯಿಂದ ಎದ್ದು ಹೊರಗೆ ಬಂದು ಅವಳ ಬೆನ್ನು ತಟ್ಟಿದೆ.

ಹಾವು ಕಚ್ಚಿದಾಗ ಏನು ಮಾಡಬೇಕೆಂಬುದೂ ಆಯಿತು. ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ಕೆಲಸ ಮಾಡುವ ನಮಗೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ. ಗಾಯ ಕೊಯ್ಯಬಾರದು, ವಿಷ ಹೀರಬಾರದು, ಹಗ್ಗದಿಂದ ಬಿಗಿಯಾಗಿ ಕಟ್ಟಬಾರದು. ಬಾವು ಬರುವ ಮೊದಲೇ ಕಾಲುಂಗುರ, ಬಳೆ ತೆಗೆಯಬೇಕು. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲು ಅಲುಗಾಡದಂತೆ ಕೋಲು ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ಮಂತ್ರ ಹಾಕಿಸಲು ಹೋಗಿ ಕಳೆಯುವ ಅರ್ಧ ತಾಸು ಜೀವ ತೆಗೆಯುತ್ತದೆ. ಇದನ್ನು ನಿಮ್ಮ ಮಗಳು ಮನೆಯಲ್ಲಿ ಹೇಳಿದಾಗ ದಯವಿಟ್ಟು "ನಿನಗೇನು ಗೊತ್ತು" ಎನ್ನಬೇಡಿ. ಅವಳಿಗೆ ಗೊತ್ತಿದೆ.

ಇನ್ನು ಗಂಟುಗಳು. ದನ ಕಟ್ಟುವ ಕಣ್ಣಿಯ ಗಂಟು, ಮೇವಿನ ಹೊರೆಯ ಗಂಟು ನೋಡಿ ಬೆಳೆದ ಮಕ್ಕಳಿಗೆ ಇದು ಸಲೀಸು. ಬಲದ ತುದಿ ಎಡದ ಮೇಲೆ, ಆಮೇಲೆ ಎಡದ ತುದಿ ಬಲದ ಮೇಲೆ ಬಂದರೆ ಗಂಟು ಚಪ್ಪಟೆಯಾಗಿ ಕೂರುತ್ತದೆ, ಎಳೆದರೂ ಜಾರುವುದಿಲ್ಲ. ಇದನ್ನು ರೀಫ್ ಗಂಟು ಎನ್ನುತ್ತಾರೆ, ಗಾಯದ ಪಟ್ಟಿ ಕಟ್ಟಲು ಬೇಕಾಗುವುದು ಇದೇ. ಎರಡು ಸಲವೂ ಬಲದ ತುದಿಯನ್ನೇ ಮೇಲೆ ತಂದರೆ ನೋಡಲು ಗಂಟಿನಂತೆಯೇ ಇರುತ್ತದೆ, ಭಾರ ಬಿದ್ದಾಗ ಜಾರುತ್ತದೆ. ನಾನು ಕಟ್ಟಿ ತೋರಿಸುವಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು, ತರಗತಿಯಲ್ಲಿ ಹೆಸರು ಕರೆದರೂ ಎದ್ದು ನಿಲ್ಲಲು ಹಿಂಜರಿಯುವವಳು, "ಮೇಡಂ, ನಿಮ್ಮದು ಜಾರುತ್ತದೆ" ಎಂದಳು. ನೋಡಿದರೆ ನಿಜ. ಅವಳೇ ಬಂದು ಬಿಚ್ಚಿ ಸರಿಯಾಗಿ ಕಟ್ಟಿದಳು. ಮುಖ್ಯೋಪಾಧ್ಯಾಯಿನಿಯ ತಪ್ಪನ್ನು ಎಲ್ಲರ ಎದುರು, ಗೌರವ ಬಿಡದೆ, ತಡವರಿಸದೆ ಹೇಳಿದ ಆ ಮಗುವನ್ನು ನೋಡಿ ಈ ದಳ ಬೇಕೇ ಬೇಕು ಎಂದು ಅಂದೇ ತೀರ್ಮಾನಿಸಿದೆ.

ಸಂಸ್ಥೆಯ ಬಗ್ಗೆ ಸ್ವಲ್ಪ. ಸ್ಕೌಟ್ ಚಳವಳಿ ಮೊದಲು ಹುಡುಗರಿಗಷ್ಟೇ ಇತ್ತು. 1909ರಲ್ಲಿ ಲಂಡನ್ನಿನಲ್ಲಿ ನಡೆದ ಸ್ಕೌಟ್‌ಗಳ ಮೇಳಕ್ಕೆ ಕೆಲವು ಹುಡುಗಿಯರು ಕರೆಯದಿದ್ದರೂ ಬಂದು, ನಮಗೂ ಅವಕಾಶ ಕೊಡಿ ಎಂದು ಕೇಳಿದರು. ಮರುವರ್ಷವೇ ಗೈಡ್ಸ್ ಸಂಘಟನೆ ಹುಟ್ಟಿತು. 1911ರಲ್ಲಿ ಅದು ನಮ್ಮ ದೇಶದ ಜಬಲ್‌ಪುರಕ್ಕೆ ಬಂತು. ಸ್ವಾತಂತ್ರ್ಯಾನಂತರ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರೂಪುಗೊಂಡಿತು. ಮರುವರ್ಷ ಆಗಸ್ಟ್ 15ರಂದು ಗೈಡ್ಸ್ ಸಂಘಟನೆಯೂ ಅದರೊಳಗೆ ಸೇರಿತು. ಇದು ಲಾಭದ ಸಂಸ್ಥೆಯಲ್ಲ, ಯಾವ ಪಕ್ಷದ್ದೂ ಅಲ್ಲ. ಜಾತಿ ಧರ್ಮ ನೋಡದೆ ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳುತ್ತದೆ. ದಳದೊಳಗೆ ಆರರಿಂದ ಎಂಟು ಹುಡುಗಿಯರ ಸಣ್ಣ ತಂಡಗಳಿರುತ್ತವೆ, ಪ್ರತಿ ತಂಡಕ್ಕೂ ಅವರಲ್ಲೇ ಒಬ್ಬಳು ನಾಯಕಿ. ಪ್ರವೇಶದಿಂದ ಆರಂಭಿಸಿ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಮುಂದೆ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರದವರೆಗೆ ಮೆಟ್ಟಿಲುಗಳಿವೆ. ಪುರಸ್ಕಾರ ಬಂದರೆ ಸಂತೋಷ, ಬರದಿದ್ದರೂ ಕಲಿತ ವಿದ್ಯೆ ಎಲ್ಲಿಯೂ ಹೋಗುವುದಿಲ್ಲ.

ಊರವರು ಏನೆಂದಾರು ಎಂಬುದು ನಿಮ್ಮ ದೊಡ್ಡ ಚಿಂತೆ. ಕಳೆದ ವಾರ ಒಬ್ಬ ತಾಯಿ ನನ್ನ ಬಳಿ ಬಂದು ಅದನ್ನೇ ಹೇಳಿ ಕಣ್ಣೀರು ಹಾಕಿದರು. ಅವರಿಗೆ ನಾನು ನಮ್ಮ ಜಿಲ್ಲೆಯ ಹಾನಗಲ್ಲಿನ ಹೆಸರನ್ನು ಲೋಕಕ್ಕೆಲ್ಲ ಒಯ್ದ ಗಂಗೂಬಾಯಿಯವರ ಕಥೆ ಹೇಳಿದೆ. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಸ್ವತಃ ಕರ್ನಾಟಕ ಸಂಗೀತದ ಗಾಯಕಿ. ಮಗಳು ಕಲಿಯುತ್ತಿದ್ದ ಹಿಂದುಸ್ತಾನಿ ಗಾಯನಕ್ಕೆ ಅಡ್ಡಿಯಾಗಬಾರದೆಂದು ಅವರು ತಮ್ಮ ಹಾಡನ್ನೇ ನಿಲ್ಲಿಸಿದರು. ಮುಂದೆ ಗಂಗೂಬಾಯಿ ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಆಗಲೂ ಆಡಿಕೊಳ್ಳುವವರು ಇದ್ದರು. ಆಡಿಕೊಂಡವರ ಹೆಸರು ಇಂದು ಯಾರಿಗೂ ನೆನಪಿಲ್ಲ. ಆ ತಾಯಿ ಕಣ್ಣೊರೆಸಿಕೊಂಡು, "ನಮ್ಮ ಯಜಮಾನರಿಗೂ ಒಮ್ಮೆ ಹೇಳಿ ಮೇಡಂ" ಎಂದರು. ಆದ್ದರಿಂದ ತಂದೆಯವರೇ, ಇದನ್ನು ನಿಮಗೂ ಹೇಳುತ್ತಿದ್ದೇನೆ.

ಶಿಬಿರ ನಡೆಯುವುದು ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿರುವ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರದಲ್ಲಿ. ನಮ್ಮ ಕನ್ನಡ ಶಿಕ್ಷಕಿಯೇ ಗೈಡ್ ಕ್ಯಾಪ್ಟನ್, ಅದಕ್ಕೆ ಬೇಕಾದ ತರಬೇತಿ ಮುಗಿಸಿ ಬಂದಿದ್ದಾರೆ. ಅವರ ಜೊತೆಗೆ ಇನ್ನೊಬ್ಬ ಶಿಕ್ಷಕಿ ಮತ್ತು ನಾನು ಮೂರೂ ದಿನ ಅಲ್ಲೇ ಇರುತ್ತೇವೆ. ಹುಡುಗಿಯರು ಮಲಗುವ ಕೋಣೆಯಲ್ಲೇ ನಾವೂ ಮಲಗುತ್ತೇವೆ. ಶೌಚಾಲಯ, ಸ್ನಾನದ ಮನೆಗಳನ್ನು ನಾನೇ ಹೋಗಿ ನೋಡಿ ಬಂದಿದ್ದೇನೆ. ತಿಂಗಳ ದಿನಗಳು ಬಂದರೆ ಬೇಕಾದ ಪ್ಯಾಡ್, ಬಿಸಿನೀರು ಎಲ್ಲವೂ ಇರುತ್ತದೆ. ಅದಕ್ಕಾಗಿ ಯಾವ ಮಗುವೂ ಹಿಂದೆ ಉಳಿಯಬೇಕಿಲ್ಲ. ನಿಮ್ಮಲ್ಲಿ ಯಾರಾದರೂ ಬಂದು ನೋಡುವೆವೆಂದರೆ ಮುಂಚೆ ತಿಳಿಸಿ, ಊಟಕ್ಕೆ ಹೆಸರು ಬರೆಸುತ್ತೇನೆ. ಸಮವಸ್ತ್ರ, ಸ್ಕಾರ್ಫ್ ಖರ್ಚು ಕಷ್ಟವಾಗುವವರು ನನಗೆ ಒಂದು ಮಾತು ಹೇಳಿದರೆ ಸಾಕು, ಶಾಲಾಭಿವೃದ್ಧಿ ಸಮಿತಿಯವರು ನೋಡಿಕೊಳ್ಳುತ್ತಾರೆ.

ಶಿಬಿರವನ್ನು ಡಿಸೆಂಬರಿನ ಮೊದಲ ವಾರದಲ್ಲೇ ಇಟ್ಟದ್ದಕ್ಕೆ ಕಾರಣವಿದೆ. ಮೆಣಸಿನಕಾಯಿ ಕೊಯ್ಲು ಶುರುವಾದ ಮೇಲೆ ನಿಮ್ಮ ಮನೆಗಳಲ್ಲಿ ಕೈ ಸಾಲುವುದಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಶನಿವಾರದ ಅಭ್ಯಾಸವನ್ನು ಒಂದು ತಾಸಿಗೆ ಇಳಿಸುತ್ತೇವೆ. ಅದಕ್ಕಿಂತ ಕಡಿಮೆ ಮಾಡಿ ಎಂದು ದಯವಿಟ್ಟು ಕೇಳಬೇಡಿ. ನಿಮ್ಮ ಮಗ ಶನಿವಾರ ಮಧ್ಯಾಹ್ನ ಕ್ರಿಕೆಟ್ ಆಡುವ ಹೊತ್ತಿನಲ್ಲಿ ಮಗಳೂ ಒಂದು ತಾಸು ಮೈದಾನದಲ್ಲಿ ಇರಲಿ.

ಈ ಪತ್ರದ ಕೆಳಗೆ ಒಪ್ಪಿಗೆ ಚೀಟಿ ಇದೆ. ಅದನ್ನು ನಿಮ್ಮ ಮಗಳೇ ತನ್ನ ಕೈಯಿಂದ ತುಂಬಲಿ. "ನಾನು ದಳಕ್ಕೆ ಸೇರಲು ಬಯಸುತ್ತೇನೆ" ಮತ್ತು "ಬಯಸುವುದಿಲ್ಲ" ಎಂಬ ಎರಡು ಸಾಲುಗಳಿವೆ. ಯಾವುದಕ್ಕೆ ಗುರುತು ಹಾಕಬೇಕೆಂದು ಅವಳಿಗೆ ಹೇಳಿಕೊಡಬೇಡಿ. ಅವಳು ಗುರುತು ಹಾಕಿದ ಮೇಲೆ ನೀವು ಸಹಿ ಮಾಡಿ. ತಂದೆಯ ಸಹಿಯ ಪಕ್ಕದಲ್ಲಿ ತಾಯಿಯ ಸಹಿಗೂ ಜಾಗ ಇಟ್ಟಿದ್ದೇನೆ, ಹೆಬ್ಬೆಟ್ಟಾದರೂ ನಡೆಯುತ್ತದೆ. ಬರುವ ಶುಕ್ರವಾರ ಸಂಜೆಯೊಳಗೆ ಚೀಟಿ ಶಾಲೆಗೆ ತಲುಪಲಿ. ಮಾತನಾಡಬೇಕೆನಿಸಿದರೆ ಗುರುವಾರ ಸಂಜೆ ಆರರವರೆಗೆ ನಾನು ಶಾಲೆಯಲ್ಲೇ ಇರುತ್ತೇನೆ, ಹೊಲದಿಂದ ನೇರವಾಗಿ ಬಂದರೂ ಸರಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಸರ್ಕಾರಿ ಪ್ರೌಢಶಾಲೆ, ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ