ಭಾನುವಾರದ ಪದಚರ್ಚೆ: ‘ಇನ್‌ವಿಟ್’

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ 6.30ರ ಆನ್‌ಲೈನ್ ಪದಚರ್ಚೆಗೆ, ಅಂತಃಸಾಕ್ಷಿ ಎಂಬ ಅರ್ಥದಲ್ಲಿ ಮಧ್ಯಯುಗದ ಇಂಗ್ಲಿಷಿನಲ್ಲಿದ್ದು ಆಮೇಲೆ ಮರೆಯಾದ ‘ಇನ್‌ವಿಟ್’ ಎಂಬ ಪದವನ್ನು ಆರಿಸಿಕೊಂಡಿದ್ದೇವೆ. ಇಲ್ಲಿ ‘ವಿಟ್’ ಎಂದರೆ ಚತುರೋಕ್ತಿಯಲ್ಲ, ಅರಿವು; ಹಾಗಾಗಿ ‘ಒಳಅರಿವು’ ಎಂದೇ ಓದಿಕೊಳ್ಳಬಹುದು.

ಕ್ಯಾಂಟರ್ಬರಿಯ ಸೇಂಟ್ ಆಗಸ್ಟೀನ್ ಮಠದ ಸಂನ್ಯಾಸಿ ಡಾನ್ ಮೈಕೆಲ್ 1340ರಲ್ಲಿ ಫ್ರೆಂಚ್ ಗ್ರಂಥವೊಂದನ್ನು ಕೆಂಟ್ ಸೀಮೆಯ ಇಂಗ್ಲಿಷಿಗೆ ತಂದು ‘ಅಯೆನ್‌ಬೈಟ್ ಆಫ್ ಇನ್‌ವಿಟ್’ ಎಂದು ಹೆಸರಿಟ್ಟರು. ಪಶ್ಚಾತ್ತಾಪವನ್ನು ಸೂಚಿಸುವ ಲ್ಯಾಟಿನ್ ಪದದಲ್ಲಿರುವ ‘ಮರಳಿ’, ‘ಕಚ್ಚು’ ಎಂಬ ಎರಡು ತುಂಡುಗಳನ್ನು ಬಿಡಿಬಿಡಿಯಾಗಿ ಅನುವಾದಿಸಿದ್ದರಿಂದ ಅದು ‘ಒಳಅರಿವಿನ ಮರುಕಡಿತ’ವಾಯಿತು. ನಮ್ಮಲ್ಲಿ ಮನಸ್ಸು ಚುಚ್ಚುತ್ತದೆ, ಕೊರೆಯುತ್ತದೆ, ಅವರಲ್ಲಿ ಕಚ್ಚುತ್ತಿತ್ತು! ಫ್ರೆಂಚಿನಿಂದ ಬಂದ ‘ಕಾನ್ಷಿಯನ್ಸ್’ ನೆಲೆಯೂರಿದ ಮೇಲೆ ಹಳೆಯ ಪದ ಬದಿಗೆ ಸರಿಯಿತು. 1922ರಲ್ಲಿ ಐರಿಷ್ ಲೇಖಕ ಜೇಮ್ಸ್ ಜಾಯ್ಸ್ ‘ಯುಲಿಸಿಸ್’ ಕಾದಂಬರಿಯಲ್ಲಿ ಅದನ್ನು ಮತ್ತೆ ಎತ್ತಿಕೊಂಡರು.

ಭಾಗವಹಿಸುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ, ಈ ಭಾವಕ್ಕೆ ತಮ್ಮ ಊರಿನ ಕಡೆ ಬಳಸುವ ಒಂದು ಮಾತನ್ನೂ ಬರೆದು ಕಳುಹಿಸಬೇಕೆಂದು ವಿನಂತಿ. ಸಭೆಯ ಲಿಂಕನ್ನು ಶನಿವಾರ ಹಾಕಲಾಗುವುದು. ಅದು ಮೇಲೆ ಸರಿದುಹೋಗದಂತೆ ಆ ದಿನ ಶುಭೋದಯದ ಚಿತ್ರಗಳನ್ನು ತಡೆಹಿಡಿದರೆ ಉಪಕಾರವಾಗುತ್ತದೆ.