ಓಮ್ನಿಯಂಥ ಗಾಡಿ ಮತ್ತೆ ಬೇಕು

ಮಾನ್ಯರೇ,

ಮಾರುತಿ ಓಮ್ನಿ ತಯಾರಿಕೆ 2019ರಲ್ಲೇ ನಿಂತಿತು. ನಮ್ಮ ಮೂಡಿಗೆರೆ ಕಡೆ ಹಳೇ ಓಮ್ನಿಗಳು ಇನ್ನೂ ಓಡುತ್ತಿವೆ. 1984ರಲ್ಲಿ ಬಂದ ಗಾಡಿ, 796 ಸಿಸಿಯ ಪುಟ್ಟ ಎಂಜಿನ್, ಅದೂ ಮುಂದಿನ ಸೀಟಿನ ಅಡಿಯಲ್ಲಿ, ಹಾಗಾಗಿ ಹಿಂದೆಲ್ಲ ಜಾಗವೋ ಜಾಗ. ಭಾನುವಾರ ಅಜ್ಜಿ, ಅತ್ತೆ, ಮಕ್ಕಳು ಎಲ್ಲ ಸೇರಿ ಬೇಲೂರಿಗೆ ಹೋಗಿ ಬಂದರೆ, ಸೋಮವಾರ ಅದೇ ಗಾಡಿಯ ಹಿಂದಿನ ಸೀಟು ಬಿಚ್ಚಿ ಕಾಫಿ ಮೂಟೆ, ಗೊಬ್ಬರದ ಚೀಲ ತುಂಬುತ್ತಿದ್ದೆವು. ಬಾಗಿಲು ಪಕ್ಕಕ್ಕೆ ಸರಿಯುತ್ತಿತ್ತು. ಮಂಡಿನೋವಿನ ಅಜ್ಜಿಗೆ ಅದೇ ದೊಡ್ಡ ಅನುಕೂಲ. ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ಸಾಕಾಗುತ್ತಿತ್ತು.

ಒಪ್ಪುತ್ತೇನೆ, ಮುಂದೆ ಮೂತಿಯೇ ಇಲ್ಲದ ಗಾಡಿ, ಡಿಕ್ಕಿಯಾದರೆ ಪೆಟ್ಟು ನೇರ ಕಾಲಿಗೆ. ಹೊಸ ಸುರಕ್ಷತಾ ನಿಯಮಕ್ಕೆ ಹೊಂದಲಿಲ್ಲ, ನಿಂತದ್ದು ಸರಿಯೇ. 2010ರಲ್ಲಿ ಬಂದ ಮಾರುತಿಯದೇ ಈಕೋ ವ್ಯಾನ್ ಇದೆ ನಿಜ. ಆದರೆ ಕಡಿಮೆ ಬೆಲೆಗೆ ಸರಿಯುವ ಬಾಗಿಲಿನ ಗಾಡಿ ಬೇರೆ ಯಾವುದಿದೆ ಹೇಳಿ? ಎಲ್ಲರೂ ಎಸ್‌ಯುವಿ ಹಿಂದೆಯೇ ಬಿದ್ದಿದ್ದಾರೆ. ಸಣ್ಣ ಬೆಳೆಗಾರರಿಗೆ, ದೊಡ್ಡ ಕುಟುಂಬದವರಿಗೆ ಸನ್‌ರೂಫ್ ಬೇಡ, ದೊಡ್ಡ ಸ್ಕ್ರೀನೂ ಬೇಡ. ಗಟ್ಟಿ ಬಾಡಿ, ಏರ್‌ಬ್ಯಾಗ್, ಎಂಟು ಜನ ಕೂರುವಷ್ಟು ಜಾಗ, ಘಾಟಿ ಹತ್ತುವ ಎಂಜಿನ್ ಕೊಡಿ. ಕಂಪನಿಯವರು ಇಂಥದ್ದೊಂದು ಗಾಡಿ ತಂದರೆ ಮಲೆನಾಡಿನಲ್ಲಿ ಕೊಳ್ಳುವವರು ಖಂಡಿತ ಇದ್ದಾರೆ, ನಾನೂ ಒಬ್ಬ.

– ಒಬ್ಬ ಓದುಗ, ಮೂಡಿಗೆರೆ