ಅಳದ ಕೂಸು: ಮಗಳಿಗೊಂದು ಪತ್ರ

ಬ್ಯಾಡಗಿ, ಭಾನುವಾರ

ಪ್ರೀತಿಯ ಶೈಲಾ,

ಮೊನ್ನೆ ಫೋನಿನಲ್ಲಿ ನೀನು 'ಡಿಸಿ ಝೀರೋ ಟು ಫೈವ್ ಟ್ರೈನಿಂಗ್ ನಡೀತಿದೆ ಅವ್ವಾ' ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ಹಾವೇರಿಯ ಡಿಸಿ ಆಫೀಸು. 28 ವರ್ಷ ಅಂಗನವಾಡಿಯಲ್ಲಿ ದುಡಿದವಳಿಗೆ ಬೇರೇನು ಹೊಳೆಯುತ್ತೆ ಹೇಳು! ಹುಟ್ಟಿದ ಕೂಸಿನಿಂದ ಹಿಡಿದು ಐದು ವರ್ಷದವರೆಗಿನ ಮಕ್ಕಳ ಮನಸ್ಸಿನ ತೊಂದರೆ ಗುರುತಿಸುವ ಕೈಪಿಡಿ ಅದು, ಅಮೆರಿಕದ ಝೀರೋ ಟು ಥ್ರೀ ಸಂಸ್ಥೆಯದು, 1994ರಲ್ಲಿ ಬಂದಾಗ ಮೂರು ವರ್ಷದವರೆಗಿನ ಮಕ್ಕಳಿಗಷ್ಟೇ ಇತ್ತು, ಐದು ವರ್ಷದವರೆಗೆ ಹಿಗ್ಗಿಸಿದ್ದು 2016ರಲ್ಲಿ ಅಂತ ನೀನು ಬಿಡಿಸಿ ಹೇಳಿದೆ. ನಿನ್ನ ಅಪ್ಪ ಪಕ್ಕದಲ್ಲಿ ಕೂತು 'ಹಾಲು ಕುಡಿಯೋ ಕೂಸಿಗೂ ಮನಸ್ಸಿನ ಬ್ಯಾನಿನಾ?' ಅಂತ ನಕ್ಕರು. ನನಗೆ ನಗು ಬರಲಿಲ್ಲ.

ದಿನಕ್ಕೆ 3 ಗಂಟೆ, ವಾರದಲ್ಲಿ 3 ದಿನ, ಹೀಗೆ 3 ವಾರ ಅತ್ತರೆ ಅದನ್ನು ವಿಪರೀತ ಅಳು ಅಂತ ಲೆಕ್ಕ ಹಿಡಿಯುತ್ತಾರೆ ಅಂದೆಯಲ್ಲ. ಅಳುವ ಕೂಸಿನ ಲೆಕ್ಕ ಯಾರಾದರೂ ಇಡುತ್ತಾರೆ. ನನ್ನ ತಲೆಯಲ್ಲಿ ಉಳಿದಿರುವುದು ಅಳದೇ ಇದ್ದ ಒಂದು ಕೂಸು.

ಎರಡೂವರೆ ವರ್ಷದ ಹುಡುಗ. ಉಳಿದವರು ಬಾಗಿಲಲ್ಲಿ ತಾಯಿಯ ಸೆರಗು ಜಗ್ಗಿ ಅಳುತ್ತಿದ್ದರೆ ಇವನು ಸೀದಾ ಒಳಗೆ ಬಂದು ಗೋಡೆಗೆ ಒರಗಿ ಕೂರುತ್ತಿದ್ದ. ಒಂದು ದಿನ ಹೊಸ್ತಿಲು ಎಡವಿ ಬಿದ್ದ, ತುಟಿ ಒಡೆಯಿತು. ಅಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ತಾನೇ ಅಂಗಿಯಿಂದ ರಕ್ತ ಒರೆಸಿಕೊಂಡ. 'ಭಾರೀ ಶಾಣ್ಯಾ ಐತಿ ಈ ಕೂಸು' ಅಂತ ನಾನು ಎಲ್ಲರ ಮುಂದೆ ಹೊಗಳಿದೆ. ತೂಕ ಮಾಡಿದರೆ ಚಾರ್ಟಿನ ಹಸಿರು ಪಟ್ಟಿಯೊಳಗೇ ಇದ್ದ. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಅವನ ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ. ದಿನವಿಡೀ ತೊಟ್ಟು ಮುರಿದ ಕೈಯನ್ನು ಕೇಳಬೇಕು. ಎಣ್ಣೆ ಹಚ್ಚಿ ತೊಳೆದರೂ ಉರಿ ಹೋಗಲ್ಲ. 'ಮುಟ್ಟಿದ್ರ ಕೂಸಿನ ಕಣ್ಣು ಉರಿತಾವ್ರೀ ಅಕ್ಕೋರ, ಅದಕ್ಕ ದೂರ ಕೂಡಸ್ತೀನಿ' ಅಂತ ಒಮ್ಮೆ ಹೇಳಿದ್ದಳು. ಹೂಂ ಅಂದು ಮುಂದಿನ ಕೂಸನ್ನು ತಕ್ಕಡಿಗೆ ಹಾಕಿದೆ.

ಇದನ್ನು ಹೇಳಿದರೆ ನೀನು ತಕ್ಷಣ ಒಂದು ಕಾಯಿಲೆ ಹೆಸರು ಹೇಳ್ತೀಯ ಅಂದುಕೊಂಡಿದ್ದೆ. ಹೇಳಲಿಲ್ಲ. ನೋವಾದರೂ ಯಾರ ಹತ್ತಿರವೂ ಹೋಗದಿರುವುದು ಒಂದು ಗುರುತು ನಿಜ, ಆದರೆ ಆರೈಕೆಯೇ ಸಿಗದೆ ಬೆಳೆದ ಮಕ್ಕಳಿಗೆ ಮಾತ್ರ ಆ ಹೆಸರು ಇಡ್ತಾರೆ, ಆ ತಾಯಿ ಅಂಥವಳಲ್ಲವಲ್ಲ ಅಂದೆ ನೀನು. 3ರಿಂದ 5 ಸಲ, ಸಲಕ್ಕೆ ಮುಕ್ಕಾಲು ಗಂಟೆಯಾದರೂ ಕೂತು ನೋಡಬೇಕಂತೆ. ಐದು ದಿಕ್ಕಿನಿಂದ ನೋಡಬೇಕಂತೆ. ಮೈಯ ಕಾಯಿಲೆಗೆ ಒಂದು ದಿಕ್ಕು, ಮನೆಯ ಕಷ್ಟಕ್ಕೆ ಒಂದು, ಸಾಕುವವರ ಜೊತೆಗಿನ ನಂಟಿಗೇ ಒಂದು. ನನಗೆ ಇದು ಬಹಳ ಹಿಡಿಸಿತು. ನೀನು ಚಿಕ್ಕವಳಿದ್ದಾಗ ಒಬ್ಬ ಡಾಕ್ಟರು ಎರಡೇ ನಿಮಿಷ ನೋಡಿ 'ಹುಡುಗಿ ಮಂದ' ಅಂದುಬಿಟ್ಟಿದ್ದರು. ಆಮೇಲೆ ನೋಡಿದರೆ ನಿನಗೆ ಕಿವಿ ಸೋರಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಅಷ್ಟೇ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ ನೋಡು.

ಈಗ ತಾಯಂದಿರಿಗೆ ಕೇಳಬೇಕಾದ ನಿನ್ನ ಪ್ರಶ್ನೆಗಳ ವಿಷಯ. ಕನ್ನಡಕ್ಕೆ ಇಳಿಸಿ ಕಳಿಸಿದ್ದನ್ನು ಓದಿದೆ. 'ಮಗುವಿನೊಂದಿಗೆ ನಿಮ್ಮ ಭಾವನಾತ್ಮಕ ಸಂಬಂಧ ಹೇಗಿದೆ?' ಯಾವ ಊರ ಮಾತು ಇದು? ನಮ್ಮ ಕಡೆಯ ತಾಯಿ 'ಚಲೋ ಐತ್ರೀ' ಅಂದು ಕೂಸನ್ನು ಎತ್ತಿಕೊಂಡು ಎದ್ದೇ ಹೋಗ್ತಾಳೆ. 'ರಾತ್ರಿ ಕೂಸು ಯಾರ ಮಗ್ಗಲಾಗ ಮಲಗತೈತಿ? ಬಿದ್ದರ ಯಾರ ಕಡೆ ಓಡತೈತಿ?' ಅಂತ ಕೇಳು. ಕೇಳಿ ಸುಮ್ನೆ ಕೂತ್ಕೋ, ಅವಳೇ ಮಾತಾಡ್ತಾಳೆ. ಉಳಿದದ್ದನ್ನೂ ಪೆನ್ಸಿಲಿನಲ್ಲಿ ತಿದ್ದಿ ಇಟ್ಟಿದ್ದೀನಿ, ಶನಿವಾರ ಬಂದಾಗ ತಗೊಂಡು ಹೋಗು. ಬರುವಾಗ ಧಾರವಾಡದಿಂದ ಫೇಡೆ ತರಬೇಡ. ನಿನ್ನ ಅಪ್ಪನಿಗೆ ಶುಗರ್ ಏರಿದೆ.

ನಿನ್ನ ಅವ್ವ